ಅಂಚಿನಲ್ಲಿ ಬರೆದ ‘ಇರಲಿ’

ಕರಡಕ್ಕ ತೀರಿಕೊಂಡಾಗ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ನಾಲ್ಕು ಸಾಲಿನಲ್ಲಿ ಮೂರು ತಪ್ಪು. ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ದುಡಿದರು ಎಂದಿತ್ತು, ದುಡಿದದ್ದು ಮೂವತ್ತನಾಲ್ಕು ವರ್ಷ. ಟೈಪಿಸ್ಟ್ ಎಂದಿತ್ತು, ಅವರು ಟೈಪ್ ಯಂತ್ರದ ಹತ್ತಿರವೂ ಸುಳಿದವರಲ್ಲ. ಸದಾ ಹಸನ್ಮುಖಿ ಎಂದೂ ಇತ್ತು. ಅದನ್ನು ಓದಿ ಅಂಥ ದುಃಖದಲ್ಲೂ ನನಗೆ ನಗು ಬಂತು. ಅವರು ನಕ್ಕದ್ದನ್ನು ನಾನು ಬೆರಳು ಮಡಚಿ ಎಣಿಸಬಲ್ಲೆ, ಅದರಲ್ಲೂ ಅರ್ಧ ನನ್ನನ್ನು ನೋಡಿ ನಕ್ಕದ್ದು. ಸತ್ತವರ ಬಗ್ಗೆ ತಪ್ಪು ಅಚ್ಚಾದರೆ ತಿದ್ದಲು ಅವರೇ ಎದ್ದು ಬರುವುದಿಲ್ಲವಲ್ಲ, ಆದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ಅದೇ ಮುದ್ರಣಾಲಯದಲ್ಲಿ ನಾನು ಪುಟ ಕಟ್ಟುವವನು. ಮೊದಲು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆ. ಆಮೇಲೆ ಕಂಪ್ಯೂಟರ್ ಬಂತು. ಕೈ ಕಪ್ಪಾಗುವುದು ನಿಂತು ಕಣ್ಣು ಕೆಂಪಾಗುವುದು ಶುರುವಾಯಿತು. ಕರಡಕ್ಕನ ಮೇಜು ನನ್ನ ಬೆನ್ನ ಹಿಂದೆ, ಕಿಟಕಿಯ ಪಕ್ಕದಲ್ಲಿತ್ತು. ಅಚ್ಚಿಗೆ ಹೋಗುವ ಮುಂಚಿನ ಕರಡು ಓದಿ ತಪ್ಪು ತಿದ್ದುವುದು ಅವರ ಕೆಲಸ, ಅದಕ್ಕೇ ಆ ಹೆಸರು. ಬೈಸಿಕೊಂಡವರು ಹಿಂದಿನಿಂದ ಕರಡಿಯಕ್ಕ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಒಮ್ಮೆ ಅದು ಅವರ ಕಿವಿಗೆ ಬಿತ್ತು. ತಲೆ ಕೂಡ ಎತ್ತದೆ, ಕರಡಿ ನಾಲ್ಕನೇ ಪುಟದಲ್ಲಿ ಪರಚಿದೆ, ಹೋಗಿ ನೋಡು ಅಂದರು. ನಾಲ್ಕನೇ ಪುಟದಲ್ಲಿ ನನ್ನ ಒಂಬತ್ತು ತಪ್ಪುಗಳಿಗೆ ಗೀರು ಬಿದ್ದಿತ್ತು.

ಅವರ ಮನೆಯ ವಿಷಯ ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಮದುವೆಯಾದ ಎರಡನೇ ವರ್ಷ ಗಂಡ ದೂರದ ಬಂದರಿನಲ್ಲಿ ಕೆಲಸ ಸಿಕ್ಕಿತೆಂದು ಹೋದ. ಆರು ತಿಂಗಳಲ್ಲಿ ಬರುತ್ತೇನೆ ಎಂದಿದ್ದ. ಕಾಗದ ಮಾತ್ರ ತಪ್ಪದೆ ಬರುತ್ತಿತ್ತು. ಒಂದು ಕಾಗದದಲ್ಲಿ ಮೂವರು ಗೆಳೆಯರ ಜೊತೆ ಒಂದೇ ಕೋಣೆಯಲ್ಲಿದ್ದೇನೆ ಎಂದಿರುತ್ತಿತ್ತು, ಮುಂದಿನದರಲ್ಲಿ ಕಂಪನಿಯ ಶೆಡ್ಡಿನಲ್ಲಿ ಒಬ್ಬನೇ ಮಲಗುತ್ತೇನೆ ಎಂದು. ಒಮ್ಮೆ ಮನೆಯಲ್ಲಿ ಮಗುವಿಗೆ ಜ್ವರ ಎಂದು ಬರೆದು, ಆಮೇಲೆ ಮಾಲೀಕನ ಮಗು ಎಂದು ಸಾಲಿನ ಮೇಲೆ ಸೇರಿಸಿದ್ದ. ಪಾಪ, ಕೆಲಸದ ಗಡಿಬಿಡಿ, ಏನು ಬರೆದೆ ಅಂತ ಮರೆತಿರಬೇಕು ಎಂದು ಈಕೆ ನಾಲ್ಕು ವರ್ಷ ತನಗೆ ತಾನೇ ಹೇಳಿಕೊಂಡರು. ಕೊನೆಗೆ ಅವನಿಗೆ ಅಲ್ಲಿ ಇನ್ನೊಂದು ಸಂಸಾರ, ಎರಡು ಮಕ್ಕಳು ಇರುವುದನ್ನು ಮೈದುನ ಬಾಯಿಬಿಟ್ಟ. ಆ ತಿಂಗಳೇ ಕರಡಕ್ಕ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು. ಗಂಡನನ್ನು ಬಿಟ್ಟರೂ ಅತ್ತೆಯನ್ನು ಬಿಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಆ ಮುದುಕಿಯನ್ನು ಹದಿನೇಳು ವರ್ಷ ನೋಡಿಕೊಂಡರು. ಮುದುಕಿ ಬಾಗಿಲ ಕಡೆ ನೋಡುತ್ತಾ ಅವನು ಬರ್ತಾನೇನೇ ಎಂದಾಗಲೆಲ್ಲ, ಇಲ್ಲ ಅತ್ತೆ, ಬರಲ್ಲ ಎಂದೇ ಹೇಳುತ್ತಿದ್ದರಂತೆ. ಒಂದು ದಿನವಾದರೂ ಬರ್ತಾನೆ ಅನ್ನಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಇಂಥವರ ಮೇಜಿಗೆ ಬಂದು ಬಿದ್ದದ್ದು ಮೇಷ್ಟ್ರ ಕಾದಂಬರಿ. ಮೇಷ್ಟ್ರು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅಂಗಿಯ ಮೇಲೆ ಇನ್ನೂ ಸೀಮೆಸುಣ್ಣದ ಪುಡಿ ಇದೆಯೇನೋ ಎಂಬಂತೆ ಆಗಾಗ ತೋಳು ಕೊಡವಿಕೊಳ್ಳುತ್ತಿದ್ದರು. ಬೇರೊಂದು ನಕ್ಷತ್ರದ ನಾಡಿನ ಕತೆ, ಎಂಟು ಭಾಗ ಬರೆಯುತ್ತೇನೆ ಎಂದರು. ಮಾಲೀಕರು ನನ್ನ ಮುಖ ನೋಡಿದರು, ನಾನು ಸೂರು ನೋಡಿದೆ. ಇದನ್ನು ಯಾರು ಓದುತ್ತಾರೆ ಎಂಬುದು ನಮ್ಮಿಬ್ಬರ ಯೋಚನೆ. ಮೊದಲ ಭಾಗ ಒಂದೇ ವರ್ಷದಲ್ಲಿ ಮೂರು ಸಲ ಅಚ್ಚಾಯಿತು, ನಾವು ಬಾಯಿ ಮುಚ್ಚಿಕೊಂಡೆವು.

ಆ ನಾಡಿನಲ್ಲಿ ಸುಳ್ಳು ಹೇಳಿದವರು ಆಮೇಲೆ ಕುಡಿಯುವ ಮೊದಲ ಗುಟುಕು ನೀರು ಅವರ ಬಾಯಿಗೆ ಉಪ್ಪಾಗುತ್ತದೆ. ಹಾಗಾಗಿ ನ್ಯಾಯಾಲಯದಲ್ಲಿ, ಸಂಬಂಧ ಕುದುರಿಸುವಾಗ, ಒಪ್ಪಂದ ಮಾಡುವಾಗ ಮಾತು ಮುಗಿದ ಕೂಡಲೇ ಒಂದು ಲೋಟ ನೀರು ಮುಂದಿಡುತ್ತಾರೆ, ಕುಡಿಯುವವರ ಮುಖ ನೋಡುತ್ತಾರೆ. ಆದರೆ ತಾನು ಹೇಳುತ್ತಿರುವುದು ಸುಳ್ಳೆಂದು ಗೊತ್ತಿದ್ದರೆ ಮಾತ್ರ ಉಪ್ಪು. ತನ್ನ ಮಾತನ್ನು ತಾನೇ ನಂಬಿದವನಿಗೆ ನೀರು ನೀರೇ. ಆ ನಾಡಿನ ಮೋಸವೆಲ್ಲ ನುಸುಳುವುದು ಈ ಒಂದು ಸಂದಿಯಲ್ಲಿ. ಅಲ್ಲಿನ ರಾಣಿ ತನ್ನ ಗೂಢಚಾರರಿಗೆ ಸುಳ್ಳು ಹೇಳಲು ಕಲಿಸುವುದಿಲ್ಲ, ನಂಬಲು ಕಲಿಸುತ್ತಾಳೆ. ಐದನೇ ಭಾಗದಲ್ಲಿ ಗೊತ್ತಾಗುತ್ತದೆ, ಇದು ಮಾಯೆಯಲ್ಲ. ಆಕಾಶನೌಕೆಯಲ್ಲಿ ಬಂದಿಳಿದ ಪೂರ್ವಜರು ನೀರಿಗೆ ಬಿಟ್ಟ, ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರಗಳ ಕೆಲಸ. ಸುಳ್ಳು ಹಿಡಿಯುವುದಕ್ಕಾಗಿ ಅವರು ಇಡೀ ನಾಡಿಗೇ ಇದು ದೇವರ ನೀರು ಎಂದು ಸುಳ್ಳು ಹೇಳಿದ್ದರು.

ಕರಡಕ್ಕ ಮೊದಮೊದಲು ಮೂಗು ಮುರಿದರು. ಮೊದಲ ಭಾಗದ ಅರ್ಧಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನದ ಬುತ್ತಿ ತೆರೆಯುವುದನ್ನೇ ಮರೆತರು. ಅದರಲ್ಲಿ ಅಂಥದ್ದೇನಿದೆ ಎಂದು ನಾನು ಕೆಣಕಿದೆ. ಅವತ್ತು ಅವರು ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ.

“ನಿಜವಾದ ಊರುಗಳಲ್ಲಿ ಸುಳ್ಳು ಹೇಳಿದವರು ಆರಾಮಾಗಿ ನೀರು ಕುಡಿದು ಮಲಗ್ತಾರೆ. ಇಲ್ಲದ ಊರಲ್ಲಾದ್ರೂ ಗಂಟಲಿಗೆ ಉಪ್ಪು ಹತ್ತಲಿ.”

ಇಂಥ ಕಾದಂಬರಿಯಲ್ಲಿ ಕರಡು ತಿದ್ದುವವರಿಗೆ ಒಂದು ತೊಂದರೆಯಿದೆ. ಸಂಸಾರದ ಕತೆಯಲ್ಲಿ ಅನುಮಾನ ಬಂದರೆ ಪಂಚಾಂಗ ನೋಡಬಹುದು, ನಕ್ಷೆ ನೋಡಬಹುದು. ಇಲ್ಲದ ನಾಡಿನ ಬಗ್ಗೆ ಯಾರನ್ನು ಕೇಳುವುದು? ಅದಕ್ಕೆ ಕರಡಕ್ಕ ಎರಡು ಉದ್ದನೆಯ ನೋಟ್‌ಬುಕ್ ಇಟ್ಟರು. ನೀಲಿ ರಟ್ಟಿನದು ನಿಜಕ್ಕೆ: ಯಾವ ಊರಿಂದ ಯಾವ ಊರಿಗೆ ಎಷ್ಟು ದಿನದ ದಾರಿ, ರಾಣಿಯ ವಯಸ್ಸೆಷ್ಟು, ಎರಡನೇ ಭಾಗದ ಜಗಳದಲ್ಲಿ ಅಂಬಿಗನ ಎಡಗೈಯ ಎಷ್ಟು ಬೆರಳು ಹೋದವು. ಕೆಂಪು ರಟ್ಟಿನದು ಸುಳ್ಳಿಗೆ: ಯಾರು, ಯಾರಿಗೆ, ಯಾವ ಪುಟದಲ್ಲಿ ಸುಳ್ಳು ಹೇಳಿದರು, ಅದು ಎಲ್ಲಿ ಬಯಲಾಯಿತು. ಬಯಲಾದ ದಿನ ಆ ಸಾಲಿನ ಮೇಲೆ ಅಡ್ಡಗೀರು ಎಳೆಯುತ್ತಿದ್ದರು. ಅದನ್ನು ಎಳೆಯುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ತೃಪ್ತಿಯನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಮೇಷ್ಟ್ರಿಗೂ ಅವರಿಗೂ ಒಂದು ಕಟ್ಟುಪಾಡಿತ್ತು. ಹಿಂದೆ ಬರೆದದ್ದಕ್ಕೂ ಈಗ ಬರೆದದ್ದಕ್ಕೂ ತಾಳೆಯಾಗದಿದ್ದರೆ ಕರಡಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯಬೇಕು, ಬಾಯಿಬಿಟ್ಟು ಕೇಳಬಾರದು. ಮುಂದಿನ ಕತೆ ಬಾಯಿಂದ ಜಾರಬಾರದೆಂದು ಮೇಷ್ಟ್ರೇ ಮಾಡಿದ ನಿಯಮ. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಬಂದು, ಎದುರಿನ ಸ್ಟೂಲಿನ ಮೇಲೆ ಕೂತು, ಪ್ರಶ್ನೆಯ ಪಕ್ಕದಲ್ಲಿ ಒಂದೇ ಪದ ಬರೆಯುತ್ತಿದ್ದರು. ‘ತಿದ್ದಿ’ ಎಂದರೆ ಕೈತಪ್ಪು, ಸರಿಮಾಡಿ ಎಂದು. ‘ಇರಲಿ’ ಎಂದರೆ ಬೇಕೆಂದೇ ಇಟ್ಟದ್ದು, ಮುಂದೆ ಗೊತ್ತಾಗುತ್ತದೆ ಎಂದು. ಹತ್ತರಲ್ಲಿ ಒಂಬತ್ತು ‘ತಿದ್ದಿ’ ಆಗಿರುತ್ತಿತ್ತು. ಅಪರೂಪಕ್ಕೆ ‘ಇರಲಿ’ ಬಂದರೆ ಕರಡಕ್ಕನಿಗೆ ಹಬ್ಬ. ಅದು ತಕ್ಷಣ ಕೆಂಪು ಪುಸ್ತಕ ಸೇರುತ್ತಿತ್ತು, ಮುಂದಿನ ಭಾಗ ಬರುವ ತನಕ ಅವರು ಅದನ್ನೇ ಮೆಲುಕು ಹಾಕುತ್ತಿದ್ದರು. ಆ ‘ಇರಲಿ’ ಒಂದು ಸಲವೂ ಹುಸಿಯಾಗಲಿಲ್ಲ. ಐದು ಭಾಗಗಳಲ್ಲಿ ಮೇಷ್ಟ್ರು ‘ಇರಲಿ’ ಎಂದದ್ದೆಲ್ಲ ಎಲ್ಲೋ ಒಂದು ಕಡೆ ಬಯಲಾಯಿತು. ಗಂಡ ಹೋದ ಮೇಲೆ ಕರಡಕ್ಕ ಕಣ್ಣು ಮುಚ್ಚಿ ನಂಬಿದ್ದು ಈ ಒಂದು ಪದವನ್ನು.

ಆರನೇ ಭಾಗದಲ್ಲಿ ಅಂಬಿಗ ಎರಡೂ ಕೈಯ ಹತ್ತು ಬೆರಳಿಂದ ಹಗ್ಗ ಬಿಗಿದ. ಕರಡಕ್ಕ ಪ್ರಶ್ನೆ ಬರೆದರು. ಮೇಷ್ಟ್ರು ತುಂಬ ಹೊತ್ತು ಪುಟ ನೋಡಿದರು, ತೋಳು ಕೊಡವಿಕೊಂಡರು, ‘ಇರಲಿ’ ಎಂದು ಬರೆದರು. ಅವರು ಹೋದ ಮೇಲೆ ಕರಡಕ್ಕ ನನ್ನ ಕಡೆ ತಿರುಗಿ, ಇವನು ಅಂಬಿಗ ಅಲ್ಲ, ಅಂಬಿಗನ ವೇಷದಲ್ಲಿ ಬೇರೆ ಯಾರೋ ಬಂದಿದಾರೆ ಅಂದರು. ನನಗೆ ರೋಮಾಂಚನವಾಯಿತು, ಸುಳ್ಳು ಯಾಕೆ ಹೇಳಲಿ. ಮುಂದಿನ ವಾರ ರಾಣಿಯ ತಂಗಿ ಅಕ್ಕನಾದಳು. ‘ಇರಲಿ’. ಮೂರು ದಿನದ ದಾರಿ ಒಂದು ದಿನವಾಯಿತು. ‘ಇರಲಿ’. ಸತ್ತ ಮಂತ್ರಿ ಊಟಕ್ಕೆ ಕೂತ. ‘ಇರಲಿ’. ಆರು, ಏಳನೇ ಭಾಗಗಳಲ್ಲಿ ಒಂದೇ ಒಂದು ‘ತಿದ್ದಿ’ ಇರಲಿಲ್ಲ. ಏಳನೇ ಭಾಗದ ಕೊನೆಯಲ್ಲಿ ಮೂರನೇ ಭಾಗದ ಒಂದು ಅಧ್ಯಾಯವೇ ಹೆಚ್ಚುಕಮ್ಮಿ ಅದೇ ಮಾತುಗಳಲ್ಲಿ ಮತ್ತೆ ಬಂತು. ಕಾಲವೇ ಹಿಂದಕ್ಕೆ ತಿರುಗಿದೆ ಎಂದು ನಾವು ತೀರ್ಮಾನಿಸಿದೆವು. ಓದುಗರಿಂದ ಚೀಲದ ತುಂಬ ಕಾಗದ ಬಂತು. ಒಬ್ಬೊಬ್ಬರದು ಒಂದೊಂದು ಊಹೆ, ಮೋಸದ ಒಳಗೆ ಮೋಸ ಹೆಣೆಯುವುದರಲ್ಲಿ ಮೇಷ್ಟ್ರಿಗೆ ಸಾಟಿಯಿಲ್ಲ ಎಂಬ ಹೊಗಳಿಕೆ. ಎಂಟನೇ ಭಾಗಕ್ಕೆ ಎಲ್ಲರೂ ತುದಿಗಾಲಲ್ಲಿ ನಿಂತಿದ್ದೆವು.

ಒಂದು ಗುರುವಾರ ಮೇಷ್ಟ್ರು ಬರಲಿಲ್ಲ. ಮಾರನೇ ದಿನ ಅವರ ಹೆಂಡತಿ ಬಂದರು. ಮೇಷ್ಟ್ರು ಕೂರುತ್ತಿದ್ದ ಸ್ಟೂಲಿನ ಮೇಲೆಯೇ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಹೇಳಿದರು. ನಿನ್ನೆ ಮುದ್ರಣಾಲಯಕ್ಕೆಂದು ಹೊರಟವರು ತಾವು ಬಿಟ್ಟು ಹದಿನೈದು ವರ್ಷವಾದ ಶಾಲೆಗೆ ಹೋಗಿ, ತರಗತಿಯೊಳಗೆ ನಡೆದು, ಹಲಗೆಯ ಮೇಲೆ ದಿನಾಂಕ ಬರೆದು ನಿಂತಿದ್ದರಂತೆ. ಮುಂದೇನು ಎಂದು ತಿಳಿಯದೆ ಮಕ್ಕಳ ಮುಂದೆ ಅತ್ತರಂತೆ. ಡಾಕ್ಟರು ನೋಡಿ ಇದು ಮರೆವಿನ ಕಾಯಿಲೆ, ಶುರುವಾಗಿ ಎರಡು ಮೂರು ವರ್ಷವಾದರೂ ಆಗಿದೆ ಎಂದರಂತೆ. ಮೊದಲೇ ಬಂದಿದ್ದರೆ ಸ್ವಲ್ಪ ಕಾಲ ತಡೆದು ನಿಲ್ಲಿಸಬಹುದಿತ್ತಂತೆ. ಮನೆಯಲ್ಲಿ ಅವರು ಮೊದಲಿಂದಲೂ ಮಾತು ಕಡಿಮೆ, ಬರೆಯುತ್ತಾ ಕೂತಿರುವವರು, ನನಗೆ ತಿಳಿಯಲಿಲ್ಲ ಎಂದು ಹೇಳಿ ಆಕೆ ಕರಡಕ್ಕನ ಮುಖ ನೋಡಿದರು.

“ನೀವು ಅವರು ಬರೆದಿದ್ದನ್ನ ವಾರ ವಾರ ಓದ್ತಾ ಇದ್ರಿ. ನಿಮಗೂ ಏನೂ ಕಾಣಿಸ್ಲಿಲ್ವಾ?”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಹೋದ ಮೇಲೆ ಕರಡಕ್ಕ ಕೆಂಪು ಪುಸ್ತಕ ತೆಗೆದು, ಕನ್ನಡಕ ಒರೆಸಿಕೊಂಡು, ಆರನೇ ಭಾಗದಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಣಿಸಿದರು. ನೂರ ನಲವತ್ತಮೂರು ಇತ್ತು. ನೂರ ನಲವತ್ತಮೂರು ಸಲ ಒಬ್ಬ ಮನುಷ್ಯ ಕಳೆದುಹೋಗುತ್ತಿರುವುದು ಅವರ ಕಣ್ಣ ಮುಂದೆ ಬಂದಿತ್ತು. ಅವರು ಅದನ್ನು ಅಂದವಾದ ಅಕ್ಷರದಲ್ಲಿ, ಪುಟದ ಸಂಖ್ಯೆ ಸಮೇತ ಬರೆದಿಟ್ಟಿದ್ದರು. ಸಂಜೆ ಎಲ್ಲರೂ ಹೊರಟ ಮೇಲೂ ಅಲ್ಲೇ ಕೂತಿದ್ದರು. ನಾನು ಹತ್ತಿರ ಹೋದೆ.

“ನನ್ನ ಗಂಡ ಸುಳ್ಳು ಬರೀತಿದ್ದಾಗ ಪಾಪ ಮರೆತಿದಾರೆ ಅಂದ್ಕೊಂಡೆ. ಇವರು ಮರೀತಿದ್ದಾಗ ಆಹಾ ಎಂಥ ಸುಳ್ಳು ಹೆಣೀತಿದಾರೆ ಅಂದ್ಕೊಂಡೆ,” ಅಂದರು. “ನನಗೆ ಓದೋಕೇ ಬರಲ್ಲ ಕಣೋ.”

ಅಂಬಿಗನ ಬೆರಳು ಎಣಿಸಿ ಚಪ್ಪಾಳೆ ತಟ್ಟಿದವನು ನಾನೂ ಅಲ್ಲವೇ.

ಮಾಲೀಕರು ಎರಡು ದಿನ ಮರುಗಿದರು, ಮೂರನೇ ದಿನ ಅವರಿಗೊಂದು ಉಪಾಯ ಹೊಳೆಯಿತು. ಎಂಟನೇ ಭಾಗವನ್ನು ಕರಡಕ್ಕನೇ ಬರೆಯಲಿ, ಮೇಷ್ಟ್ರ ಹೆಸರಲ್ಲಿ ಬರಲಿ. ಆ ನಾಡಿನ ಇಂಚಿಂಚೂ ಅವರಿಗೆ ಗೊತ್ತು. ನೂರ ನಲವತ್ತಮೂರು ಎಳೆಗಳನ್ನೂ ಒಂದು ದೊಡ್ಡ ಮೋಸಕ್ಕೆ ಗಂಟು ಹಾಕಿದರೆ ಮೇಷ್ಟ್ರಿಗೆ ಕಾಯಿಲೆ ಇತ್ತೆಂದು ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ, ಅವರ ಮರ್ಯಾದೆ ಉಳಿಯುತ್ತದೆ ಎಂದರು. ಮಾಲೀಕರು ಕೆಟ್ಟವರಲ್ಲ, ಆ ಮಾತಿನಲ್ಲಿ ಮೇಷ್ಟ್ರ ಮೇಲಿನ ಪ್ರೀತಿಯೂ ಇತ್ತು. ಕರಡಕ್ಕನಿಂದ ಅದು ಆಗುತ್ತಿತ್ತು ಕೂಡ. ಒಂದು ವಾರದಲ್ಲಿ ಅವರು ಅರ್ಧ ಹೆಣೆದೂ ಇಟ್ಟಿದ್ದರು. ನನಗೆ ಓದಿ ಹೇಳಿದಾಗ ನಾನು ದಂಗಾದೆ, ಅಷ್ಟು ಚೆನ್ನಾಗಿತ್ತು. ಆದರೆ ಮೇಷ್ಟ್ರ ಒಪ್ಪಿಗೆ ಇಲ್ಲದೆ ಒಂದಕ್ಷರ ಅಚ್ಚಾಗಬಾರದು ಎಂದು ಹಟ ಹಿಡಿದು, ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೊರಟರು.

ಮನೆಯ ಮುಂದಿನ ಕೋಣೆಯಲ್ಲಿ ಎಲ್ಲದಕ್ಕೂ ಚೀಟಿ ಅಂಟಿಸಿತ್ತು. ಕಪಾಟಿನ ಮೇಲೆ ‘ಅಂಗಿಗಳು’, ಒಂದು ಬಾಗಿಲ ಮೇಲೆ ‘ಬಚ್ಚಲು’, ಇನ್ನೊಂದರ ಮೇಲೆ ‘ಇದು ಹೊರಗೆ ಹೋಗುವ ಬಾಗಿಲು, ನನ್ನನ್ನು ಕರೆಯಿರಿ’. ಎಲ್ಲವೂ ಹೆಂಡತಿಯ ಅಕ್ಷರ. ಅವತ್ತು ಬೆಳಗ್ಗೆ ಮೇಷ್ಟ್ರು ತಿಳಿಯಾಗಿದ್ದರು. ನಮ್ಮಿಬ್ಬರನ್ನೂ ಗುರುತಿಸಿದರು, ನನ್ನ ಹೊಟ್ಟೆ ಬೆಳೆದದ್ದನ್ನೂ ಗುರುತಿಸಿದರು. ಹೆಂಡತಿ ನೀರು ತಂದಿಟ್ಟು ಒಳಗೆ ಹೋದ ಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು.

“ಒಂದು ವಿಷಯ ಹೇಳಿ. ಹಿಂದಿನ ಎರಡು ಭಾಗ ಈಗ ಓದ್ತಾ ಇದೀನಿ. ತಲೆಬುಡ ತಿಳೀತಿಲ್ಲ. ನಾನು ಬೇಕಂತ ಹಾಗೆ ಬರೆದ್ನಾ?”

ಕರಡಕ್ಕ ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೌದು ಎನ್ನುತ್ತಾರೆ ಎಂದೇ ನಾನು ಅಂದುಕೊಂಡೆ, ಅನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ ಕೂಡ. ಕರಡಕ್ಕ ಬಾಯಿ ತೆರೆದರು. ಅಷ್ಟರಲ್ಲಿ ಮೇಷ್ಟ್ರು ನೀರಿನ ಲೋಟವನ್ನು ಎರಡು ಬೆರಳಿನಿಂದ ಮೆಲ್ಲಗೆ ಅವರ ಮುಂದೆ ಸರಿಸಿ, ಮುಖ ನೋಡುತ್ತಾ ಕೂತರು. ಅವರ ಕಾದಂಬರಿಯ ನ್ಯಾಯಾಧೀಶರು ಮಾಡುವುದೂ ಹಾಗೆಯೇ.

ಕರಡಕ್ಕ ಲೋಟ ಮುಟ್ಟಲಿಲ್ಲ.

“ಇಲ್ಲ ಮೇಷ್ಟ್ರೇ. ಅಂಬಿಗನಿಗೆ ಎಂಟೇ ಬೆರಳು. ನೀವು ಮರೆತ್ರಿ. ನಾನು ತಿಳ್ಕೋಬೇಕಿತ್ತು, ತಿಳ್ಕೊಳ್ಲಿಲ್ಲ. ನೀವು ‘ಇರಲಿ’ ಅಂದ್ರಿ, ನಾನು ನಂಬಿದೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದೊಂದಾಗಿ ಹೇಳಿದರು. ಕರಡಕ್ಕನ ಪ್ರಶ್ನೆಗಳು ತಮಗೆ ಅರ್ಥವೇ ಆಗುತ್ತಿರಲಿಲ್ಲವಂತೆ. ಯಾವ ಅಂಬಿಗ, ಯಾವ ಬೆರಳು ಎಂದು ಕೇಳಲು ನಾಚಿಕೆಯಾಗುತ್ತಿತ್ತಂತೆ. ‘ಇರಲಿ’ ಎಂದು ಬರೆದರೆ ಕರಡಕ್ಕ ಮತ್ತೆ ಕೇಳುವುದಿಲ್ಲ, ಅಷ್ಟೇ ಅಲ್ಲ ಸಂತೋಷಪಡುತ್ತಾರೆ ಎಂಬುದು ಮಾತ್ರ ನೆನಪಿತ್ತಂತೆ. ಹೇಳಿ ಮುಗಿಸಿ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡು, ಎರಡು ವರ್ಷ ನಿಮಗೆ ಮೋಸ ಮಾಡಿದೆ, ಇಷ್ಟು ದಿನ ಕುಡಿದ ನೀರೆಲ್ಲ ಉಪ್ಪಾಗಬೇಕಿತ್ತು ಅಂದರು. ಕರಡಕ್ಕ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರೇ ತೋಳು ಕೊಡವಿಕೊಂಡು, ಹಾಗಾದರೆ ತಿದ್ದಿ, ಎಲ್ಲ ತಿದ್ದಿ ಎಂದರು.

ಎಂಟನೇ ಭಾಗ ಬರಲಿಲ್ಲ. ತಾವು ಹೆಣೆದಿಟ್ಟಿದ್ದ ಹಾಳೆಗಳನ್ನು ಕರಡಕ್ಕ ಹರಿದು ಹಾಕಿದರು. ಬದಲಿಗೆ ಆರು, ಏಳನೇ ಭಾಗಗಳನ್ನು ತಿದ್ದಿ ಮತ್ತೆ ಅಚ್ಚು ಹಾಕುವುದೆಂದಾಯಿತು. ಲೇಖಕರ ಮರೆವಿನ ಕಾಯಿಲೆಯಿಂದ ಆದ ತಪ್ಪುಗಳು ಇವು, ಮುಂದಿನ ಭಾಗ ಇಲ್ಲ ಎಂದು ಮೊದಲ ಪುಟದಲ್ಲೇ ಹಾಕಬೇಕೆಂದು ಮೇಷ್ಟ್ರು ಹೇಳಿ ಬರೆಸಿದರು. ಓದುಗರಲ್ಲಿ ಕೆಲವರು ಅತ್ತು ಬರೆದರು. ಇನ್ನು ಕೆಲವರು ಇದೂ ಮೇಷ್ಟ್ರ ಒಂದು ಆಟ, ಎಂಟನೇ ಭಾಗ ಎಲ್ಲೋ ಬಚ್ಚಿಟ್ಟಿದ್ದಾರೆ ಎಂದು ಬರೆದರು. ಅವರನ್ನು ಬೈಯಲು ನನಗೆ ಮುಖವಿರಲಿಲ್ಲ.

ಆಮೇಲೆ ಮೇಷ್ಟ್ರು ಎರಡು ವರ್ಷ ಬದುಕಿದ್ದರು, ಕರಡಕ್ಕ ಇನ್ನೊಂದು ಒಂಬತ್ತು ವರ್ಷ. ಅವರನ್ನು ನೆನೆದಾಗ ನನ್ನ ಕಣ್ಣ ಮುಂದೆ ಬರುವುದು ಮುದ್ರಣಾಲಯದ ಮೇಜಲ್ಲ, ಆ ತಿದ್ದುಪಡಿಯ ಗುರುವಾರಗಳು. ಮೇಷ್ಟ್ರ ಮನೆಯಲ್ಲಿ ಈಗ ಸ್ಟೂಲಿನ ಮೇಲೆ ಕೂರುವ ಸರದಿ ಕರಡಕ್ಕನದು. ಕೆಂಪು ಪುಸ್ತಕ ತೆರೆದು ಒಂದೊಂದೇ ಸಾಲು ಓದುತ್ತಿದ್ದರು, ಮೇಷ್ಟ್ರು ತಿದ್ದಿ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೊಸ ಪುಟ ಗುರುತು ಮಾಡಿಕೊಳ್ಳುತ್ತಿದ್ದೆ. ಮೊದಮೊದಲು ಮೇಷ್ಟ್ರು ಯೋಚಿಸಿ ಹೇಳುತ್ತಿದ್ದರು. ಐವತ್ತು ದಾಟುವ ಹೊತ್ತಿಗೆ ಕೇಳುವ ಮುಂಚೆಯೇ ತಿದ್ದಿ ಎನ್ನತೊಡಗಿದರು. ನೂರು ದಾಟಿದ ಮೇಲೆ ತಲೆ ಮಾತ್ರ ಆಡಿಸುತ್ತಿದ್ದರು. ಕರಡಕ್ಕ ಆದರೂ ಒಂದನ್ನೂ ಬಿಡದೆ ಕೇಳುತ್ತಿದ್ದರು.

ಅಂಥ ಒಂದು ಗುರುವಾರ ಮೇಷ್ಟ್ರು ಕರಡಕ್ಕನನ್ನೇ ನೋಡುತ್ತಾ ಕೂತಿದ್ದರು. ಮಾತ್ರೆ ಕೊಡಲು ಬಂದ ಹೆಂಡತಿ, ಇವರು ಯಾರು ಹೇಳಿ ನೋಡೋಣ ಎಂದರು. ಡಾಕ್ಟರು ಹಾಗೆ ಕೇಳುತ್ತಿರಿ ಎಂದಿದ್ದರಂತೆ. ಮೇಷ್ಟ್ರ ಮುಖ ಅರಳಿತು.

“ನನ್ನ ತಂಗಿ. ವಾರ ವಾರ ನನ್ನ ನೋಡೋಕೆ ಬರ್ತಾಳೆ.”

ಮೇಷ್ಟ್ರಿಗೆ ತಂಗಿ ಇರಲಿಲ್ಲ. ಅವರು ಮಾತ್ರೆ ಬಾಯಿಗೆ ಹಾಕಿಕೊಂಡು ಲೋಟದ ನೀರನ್ನು ಗಟಗಟ ಕುಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಯ್ಯೋ, ತಂಗಿ ಅಲ್ಲಾರೀ ಎಂದು ಹೆಂಡತಿ ಹೇಳಲು ಹೊರಟರು. ಸುಳ್ಳನ್ನು ಒಂದು ದಿನವೂ ಹಾಗೇ ಬಿಟ್ಟವರಲ್ಲ ಕರಡಕ್ಕ, ಅತ್ತೆಯ ಮುಂದೆಯೂ ಬಿಟ್ಟವರಲ್ಲ. ಅವರು ಆಕೆಯ ಕೈ ಹಿಡಿದು ತಡೆದರು.

“ಇರಲಿ,” ಅಂದರು.

ಆಮೇಲೆ ಪೆನ್ಸಿಲ್ ಎತ್ತಿಕೊಂಡು, ಕೆಂಪು ಪುಸ್ತಕದ ನೂರ ಹದಿನೇಳನೇ ಸಾಲನ್ನು ಓದಿದರು.